ದವಾಖಾನಿ ಗಾಡಿಯ ಜನರೇಟರಿಗೆ ಎಣ್ಣೆ ಹಾಕಿದ ವರ್ಷಗಳು

ನನ್ನ ಎಡಗಿವಿ ಈಗ ಸರಿಯಾಗಿ ಕೇಳುವುದಿಲ್ಲ. ಹೆಂಡತಿ ಎಡಕ್ಕೆ ನಿಂತು ಕರೆದರೆ ನಾನು ಓಗೊಡುವುದಿಲ್ಲ, ಬೇಕಂತಲೇ ಸುಮ್ಮನಿದ್ದೇನೆ ಎಂದು ಅವಳು ಸಿಟ್ಟಾಗುತ್ತಾಳೆ. ಜನರೇಟರಿನ ಪೆಟ್ಟಿಗೆಗೆ ಅದೇ ಕಿವಿ ಹಚ್ಚಿ, ಒಳಗಿನ ಸದ್ದು ನೆಟ್ಟಗಿದೆಯೋ ಇಲ್ಲವೋ ಎಂದು ಆಲಿಸುವುದು ನನ್ನ ನೌಕರಿಯ ಉದ್ದಕ್ಕೂ ಬಂದ ರೂಢಿ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದೇ: ಕಿವಿಗೆ ಅರಳೆ ಇಟ್ಟುಕೊಳ್ಳಿರಿ. ನಮಗೆ ಯಾರೂ ಹೇಳಲಿಲ್ಲ.

ನನ್ನ ಹೆಸರು ರಾಜೇಸಾಬ ನದಾಫ, ಊರು ಬೆಟಗೇರಿ. ಒಂದು ಟ್ರಸ್ಟಿನವರು ನಡೆಸುತ್ತಿದ್ದ ಸಂಚಾರಿ ದವಾಖಾನೆಯಲ್ಲಿ ಜನರೇಟರ್ ಮೆಕ್ಯಾನಿಕ್ ಆಗಿದ್ದೆ. ಬಸ್ಸಿನಷ್ಟು ಉದ್ದದ ಗಾಡಿ ಅದು. ಮುಂದಿನ ಅರ್ಧ ತಪಾಸಣೆಯ ಕೋಣೆ. ಹಿಂದಿನ ಅರ್ಧದಲ್ಲಿ ಮಲಗುವ ಹಲಗೆಗಳು, ಗ್ಯಾಸ್ ಒಲೆ, ನೀರಿನ ಟಾಕಿ, ನಮ್ಮ ಟ್ರಂಕು. ಹಿಂದಿನ ಗಾಲಿಯ ಪಕ್ಕದಲ್ಲಿ ಒಂದು ಕಬ್ಬಿಣದ ಗೂಡು, ಅದರೊಳಗೆ ಜನರೇಟರು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಹಳ್ಳಿಗಳಿಗೆ ಹೋದರೆ ವಾರಗಟ್ಟಲೆ ಅದರಲ್ಲೇ ಊಟ, ಅದರಲ್ಲೇ ನಿದ್ದೆ. ಹಳ್ಳಿಯ ಮಂದಿ ಅದಕ್ಕೆ ‘ಮನಿಗಾಡಿ’ ಎಂದು ಹೆಸರಿಟ್ಟಿದ್ದರು. ಮನೆಯೇನೋ ಖರೆ. ಆದರೆ ಆ ಗೂಡಿನ ಮಷೀನು ನಿಂತರೆ ಔಷಧದ ಫ್ರಿಜ್ ಇಲ್ಲ, ಹಲ್ಲು ನೋಡುವ ಕುರ್ಚಿ ಇಲ್ಲ, ಗಾಳಿಯಿಂದ ಆಕ್ಸಿಜನ್ ಎಳೆದು ಕೊಡುವ ಉಸಿರಿನ ಮಷೀನಿಲ್ಲ, ಫ್ಯಾನು ಸುದ್ದಾ ಇಲ್ಲ.

ನಾನು ನಿವೃತ್ತಿಯಾದ ಮೇಲೆ ಆ ಜಾಗಕ್ಕೆ ಬಂದವರು ಮೊನ್ನೆ ಫೋನ್ ಮಾಡಿದ್ದರು. “ಕಾಕಾ, ಯಾವ ಎಣ್ಣಿ ಹಾಕ್ಬೇಕ್ರಿ? ಯಾವ ಫಿಲ್ಟರ್ ಚಲೋ?” ಎಂದರು. ಡಬ್ಬಿಯ ಮೇಲಿನ ನಂಬರು ಹೇಳಿ ಫೋನ್ ಇಟ್ಟೆ. ಆಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ನಂಬರು ಹೇಳಿದರೆ ಆ ಕೆಲಸ ಹೇಳಿದಂತಾಯಿತೇ? ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಕೂತು ಬರೆಯಲು ಸೊಂಟ ಒಪ್ಪುವುದಿಲ್ಲ, ನಡುನಡುವೆ ಎದ್ದು ಅಡ್ಡಾಡಿ ಬಂದು ಬರೆಯುತ್ತೇನೆ. ಓದುವವರು ಹಿಂದೆ ಮುಂದೆ ಆದದ್ದನ್ನು ಸರಿ ಮಾಡಿಕೊಳ್ಳಬೇಕು.

ನಾನು ಕೆಲಸ ಕಲಿತದ್ದು ಬೆಟಗೇರಿಯ ಒಂದು ಗ್ಯಾರೇಜಿನಲ್ಲಿ. ನಮ್ಮ ಉಸ್ತಾದರಿಗೆ ದಪ್ಪ ಎಣ್ಣೆಯೆಂದರೆ ಪ್ರಾಣ. ಬೆರಳಿಗೆ ಹಚ್ಚಿಕೊಂಡು ಎಳೆ ತೆಗೆದು, “ಜೇನತುಪ್ಪದಂಗ ಇರಬೇಕು ನೋಡು” ಎನ್ನುತ್ತಿದ್ದರು. ಬೇಸಿಗೆಯಲ್ಲಿ ಅವರು ಹೇಳಿದಂತೆಯೇ ನಡೆಯುತ್ತಿತ್ತು. ಆದರೆ ದವಾಖಾನಿ ಗಾಡಿಗೆ ಬಂದ ಮೊದಲ ಚಳಿಗಾಲದಲ್ಲಿ, ಕಪ್ಪತಗುಡ್ಡದ ಬುಡದ ಒಂದು ಹಳ್ಳಿಯಲ್ಲಿ, ಬೆಳಗಿನ ಥಂಡಿಗೆ ಆ ದಪ್ಪ ಎಣ್ಣೆ ತುಪ್ಪದಂತೆ ಹೆಪ್ಪಾಗಿ ಮಷೀನು ತಿರುಗಲೇ ಇಲ್ಲ. ಬ್ಯಾಟರಿ ಸೋತಿತು. ಮಂದಿ ಕಂಬಳಿ ಹೊದ್ದು ಸಾಲಿನಲ್ಲಿ ಕೂತಿದ್ದರು. ಬಿಸಿಲು ಏರಿ ಗೂಡು ಬೆಚ್ಚಗಾಗುವವರೆಗೂ ನಾವೂ ಅವರ ಜೊತೆ ಕೂತೆವು.

ಈಗಿನ ಡಬ್ಬಿಯ ಮೇಲೆ ಎರಡು ನಂಬರು ಇರುತ್ತವೆ, ಹದಿನೈದು-ನಲವತ್ತು ಎಂದು. ಮೊದಲನೆಯದು ಥಂಡಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು ಕಾದಮೇಲೆ ಎಷ್ಟು ಗಟ್ಟಿ ಉಳಿಯುತ್ತದೆ ಎಂಬುದಕ್ಕೆ. ನಮ್ಮ ಡೀಸೆಲ್ ಜನರೇಟರಿಗೆ ಅದು ಹೊಂದುತ್ತಿತ್ತು. ನಿಮ್ಮದಕ್ಕೆ ಯಾವುದು ಎಂಬುದು ಮಷೀನಿನ ಜೊತೆ ಬಂದ ಪುಸ್ತಕದಲ್ಲಿದೆ. ಅದನ್ನು ಬಿಟ್ಟು ನನ್ನನ್ನಾಗಲಿ ಅಂಗಡಿಯವನನ್ನಾಗಲಿ ಕೇಳಬೇಡಿರಿ. ಇದನ್ನು ಉಸ್ತಾದರಿಗೆ ಹೇಳಿದಾಗ ಅವರು ನಕ್ಕು, “ಎಣ್ಣಿಗೂ ಈಗ ಎರಡ ನಾಲಿಗಿ ಬಂದ್ವು” ಎಂದಿದ್ದರು. ಆಮೇಲೆ ತಮ್ಮ ಗ್ಯಾರೇಜಿಗೂ ಅದೇ ಡಬ್ಬಿ ತರಿಸಿದರು.

ನಮ್ಮ ಮೇಲಿನವರು ಇಟಗಿ ಸಾಹೇಬರು. ಟ್ರಸ್ಟಿನ ಗಾಡಿಗಳು, ಸಾಮಾನಿನ ಕೋಣೆ ಎಲ್ಲ ಅವರ ಕೈಯಲ್ಲಿ. ಕಡ್ಡಿಯಂಥ ಮನುಷ್ಯ, ದನಿ ಮಾತ್ರ ಮೈಕಿನದು. ಅವರಿಗೂ ನನಗೂ ವರ್ಷಗಟ್ಟಲೆ ಒಂದೇ ಜಗಳ.

“ಬಸ್ಸಿಗಿ ಎಣ್ಣಿ ಬದಲಿ ಮಾಡಿದಾಗ ಜನರೇಟರಿಗೂ ಮಾಡು. ಎರಡ ಸಲ ಯಾಕ?” ಎನ್ನುತ್ತಿದ್ದರು.

“ಸಾಹೇಬ್ರ, ಬಸ್ಸು ಓಡಿದ್ದು ಕಿಲೋಮೀಟರ್ ಲೆಕ್ಕ. ಇದು ಬಸ್ಸು ನಿಂತಾಗ ದುಡೀತೈತ್ರಿ.”

“ನಿಂತ ಗಾಡ್ಯಾಗ ಕುಂತದ್ದು ಏನ ಸವೀತೈತಿ?”

“ಕುಂತಲ್ಲೇ ಕುದೀತೈತ್ರಿ. ಗಾಳಿ ಇಲ್ಲ, ಜಾಗ ಇಲ್ಲ. ಇದಕ್ಕ ತಾಸಿನ ಲೆಕ್ಕ ಬೇಕು.”

ಮುಂದೆ ಒಂದು ಸಲ ನಾವು ಊರಿಗೆ ಬಂದಾಗ, ನನ್ನನ್ನು ಕೇಳುವುದಕ್ಕೆ ಮುಂಚೆಯೇ ಸಾಹೇಬರು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮಷೀನು ಓಡಿದ ತಾಸು ತೋರಿಸುವ ಮೀಟರ್ ಓದುತ್ತಿದ್ದರು. ಅವರ ಒಪ್ಪಿಗೆ ಹಾಗೆಯೇ, ಬಾಯಿಂದ ಬರುತ್ತಿರಲಿಲ್ಲ.

ಗಾಡಿ ನಡೆಸುವವನು ಶೇಖಪ್ಪ, ನನ್ನ ಓರಗೆಯವನು. ಒಳ್ಳೆಯ ಮನುಷ್ಯ, ಆದರೆ ಸುಮ್ಮನೆ ಕೂರುವ ಜಾತಿಯಲ್ಲ. ಶಿರಹಟ್ಟಿಯ ಹತ್ತಿರ ಒಂದು ಊರಲ್ಲಿ ಶಾಲೆಯ ಮುಂದಿನ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದ್ದೆವು. ನಾನು ಚಹಾಕ್ಕೆ ಹೋದಾಗ ಇವನು ಅಳತೆ ಕಡ್ಡಿ ಎಳೆದು ನೋಡಿದ್ದಾನೆ. ಎಣ್ಣೆ ಕೆಳಗಿನ ಗೆರೆಗೂ ಮುಟ್ಟಿಲ್ಲ! ಗಾಬರಿಯಾಗಿ ಡಬ್ಬಿಯಲ್ಲಿದ್ದಷ್ಟನ್ನೂ ಸುರಿದಿದ್ದಾನೆ. ಎಣ್ಣೆ ಕಡಿಮೆಯಾಗಿರಲಿಲ್ಲ, ಇಳಿಜಾರಿಗೆ ಆ ಕಡೆ ಸರಿದು ಕೂತಿತ್ತು, ಅಷ್ಟೆ. ಮಧ್ಯಾಹ್ನ ಗಾಡಿಯನ್ನು ಸಪಾಟು ಜಾಗಕ್ಕೆ ತಂದು ಮಷೀನ್ ಚಾಲೂ ಮಾಡಿದೆವು. ನೀಲಿ ಹೊಗೆ ಭುಸುಭುಸು ಎದ್ದು ಶಾಲೆಯ ಅಂಗಳ ತುಂಬಿತು. ಹಲ್ಲಿನ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ಮುದುಕಪ್ಪ ಬೆಂಕಿ ಹತ್ತಿತೆಂದು ಬಾಯೊಳಗಿನ ಅರಳೆ ಸಮೇತ ಹೊರಗೆ ಓಡಿದ. ಹಿಡಿದು ತರುವುದರಲ್ಲಿ ಸಾಕಾಯಿತು.

“ಕಡಿಮಿ ಐತಿ ಅಂತ ಹಾಕಿದ್ನೆಪಾ,” ಎಂದ ಶೇಖಪ್ಪ.

“ಲೇ, ಮೊದ್ಲ ನೆಲ ನೋಡು, ಆಮ್ಯಾಲ ಕಡ್ಡಿ ನೋಡು,” ಎಂದೆ.

ಹೆಚ್ಚಾದ ಎಣ್ಣೆಯೂ ಕಡಿಮೆಯಾದ ಎಣ್ಣೆಯಷ್ಟೇ ಕೆಟ್ಟದ್ದು. ಅಂದಿನಿಂದ ಅವನು ಎಲ್ಲೇ ಗಾಡಿ ನಿಲ್ಲಿಸಿದರೂ ಒಳಗೆ ಹೋಗಿ ತಾಟಿನಲ್ಲಿ ನೀರು ಹಾಕಿ ಇಟ್ಟು ಓರೆ ನೋಡುತ್ತಿದ್ದ.

ಅಡರಕಟ್ಟಿಯಲ್ಲಿ ಬೇರೆಯದೇ ಆಯಿತು. ಡೀಸೆಲ್ ಮುಗಿಯುತ್ತ ಬಂದಿತ್ತು. ಊರಿನವರೊಬ್ಬರು ಪ್ರೀತಿಯಿಂದ ತಮ್ಮ ಹೊಲದ ಪೀಪಾಯಿಯಿಂದ ಕೊಟ್ಟರು. ಪೀಪಾಯಿಯ ತಳದಲ್ಲಿ ನೀರಿತ್ತು. ಮಷೀನು ಎರಡು ಸಲ ಕೆಮ್ಮಿ ನಿಂತಿತು. ಡೀಸೆಲ್ ಫಿಲ್ಟರಿನ ಕೆಳಗಿನ ಬಟ್ಟಲು ಬಿಚ್ಚಿದರೆ ಅರ್ಧ ಬರೀ ನೀರು. ನಮ್ಮ ಗಾಡಿಯ ಡಾಕ್ಟರ್ ಬಾಯಾರು ಲಸಿಕೆಗಳನ್ನೆಲ್ಲ ಐಸಿನ ಡಬ್ಬಿಗೆ ತುಂಬಿ ಅದರ ಪಕ್ಕದಲ್ಲೇ ಕೂತರು. ನಾನು ಫಿಲ್ಟರ್ ಬದಲಿಸಿ, ಪೈಪಿನೊಳಗಿನ ಗಾಳಿ ತೆಗೆಯುವವರೆಗೆ ಅವರು ಆ ಡಬ್ಬಿಯ ಮುಚ್ಚಳ ತೆರೆಯಲಿಲ್ಲ, ಯಾರಿಗೂ ತೆರೆಯಗೊಡಲಿಲ್ಲ. ಡೀಸೆಲ್ ಕೊಟ್ಟವರು ಮೋರೆ ಸಣ್ಣದು ಮಾಡಿಕೊಂಡು ಎಲ್ಲರಿಗೂ ಮಜ್ಜಿಗೆ ತಂದುಕೊಟ್ಟರು. ಅವರ ಮೇಲೆ ಹೇಗೆ ಸಿಟ್ಟಾಗುವುದು? ಬೇಡ ಎಂದು ಹೇಳಲೂ ಕಲಿಯಬೇಕು. ಅದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು.

ಡಾಕ್ಟರ್ ಬಾಯಾರ ಹೆಸರು ಸುನಂದಾ. ಮುಳಗುಂದದವರು. ನಮ್ಮ ಗಾಡಿಯಲ್ಲಿ ಅವರಷ್ಟು ವರ್ಷ ಉಳಿದ ಡಾಕ್ಟರು ಇನ್ನೊಬ್ಬರಿಲ್ಲ. ಈಗ ನಾನು ಹೇಳಬೇಕಾದ ಸಂಗತಿ ಅವರಿದ್ದಾಗಿನದು.

ಮೊದಲಿನ ಮಷೀನುಗಳಲ್ಲಿ ಎಣ್ಣೆಯ ಫಿಲ್ಟರಿಗೆ ಒಂದು ಕಬ್ಬಿಣದ ಡಬ್ಬಿ ಇರುತ್ತಿತ್ತು. ಒಳಗಿನ ಕಾಗದದ ಸುರುಳಿ ಮಾತ್ರ ಬದಲಿಸುತ್ತಿದ್ದೆವು. ಹೊಸ ಜನರೇಟರ್ ಬಂದಮೇಲೆ ಡಬ್ಬಿಯನ್ನೇ ತಿರುಗಿಸಿ ಬಿಚ್ಚಿ ಒಗೆದು, ಹೊಸ ಡಬ್ಬಿಯನ್ನೇ ತಿರುಗಿಸಿ ಕೂಡ್ರಿಸುವುದು. ಕೆಲಸ ಹಗುರಾಯಿತು. ಆದರೆ ಅಂಗಡಿಯ ಗೂಟಕ್ಕೆ ನೋಡಲು ಒಂದೇ ಥರದ ಡಬ್ಬಿಗಳು ಸಾಲಾಗಿ ಬಂದವು. ಎತ್ತರ ಅದೇ, ಬಣ್ಣ ಅದೇ, ತಿರುಪಿನ ಸುತ್ತೂ ಅದೇ. ಮೇಲಿನ ರಬ್ಬರ್ ಬಳೆ ಮಾತ್ರ ಒಂದರದು ಕೊಂಚ ದೊಡ್ಡದು, ಇನ್ನೊಂದರದು ಕೊಂಚ ಸಣ್ಣದು. ಒಳಗೆ ಎಣ್ಣೆಯ ಒತ್ತಡವನ್ನೆಲ್ಲ ತಡೆಯುವುದು ಆ ಬಳೆಯೊಂದೇ.

ಆ ವರ್ಷ ಮೆಣಸಿನಕಾಯಿ ಸುಗ್ಗಿಯ ಹೊತ್ತಿಗೆ ಫಿಲ್ಟರ್ ಬದಲಿಸುವ ತಾಸು ತುಂಬಿತ್ತು. ಹುಬ್ಬಳ್ಳಿಯಿಂದ ಬರಬೇಕಾದ ಫಿಲ್ಟರ್ ಬಂದಿರಲಿಲ್ಲ. ಇಟಗಿ ಸಾಹೇಬರು ಇಲ್ಲೇ ಗದಗದ ಅಂಗಡಿಯೊಂದರಿಂದ ಒಂದನ್ನು ತರಿಸಿದರು. ನಾನು ಬಳೆಯ ಮೇಲೆ ಬೆರಳಾಡಿಸಿ ನೋಡಿ, “ಸಾಹೇಬ್ರ, ಇದು ಅಂಚಿಗೆ ಕುಂಡ್ರತೈತ್ರಿ, ನಡುವ ಕುಂಡ್ರೂದಿಲ್ಲ,” ಎಂದೆ.

“ಕುಂಡ್ರತೈತೋ ಇಲ್ಲೋ?”

“ಕುಂಡ್ರತೈತಿ, ಆದ್ರ...”

“ಹಾಕು. ನೀವು ತಿರುಗಿ ಬರೂದ್ರಾಗ ಅಸಲ್ ಬಂದಿರ್ತೈತಿ. ಕ್ಯಾಂಪ್ ನಿಂದ್ರಸಾಕ ಆಗೂದಿಲ್ಲ.”

ಕ್ಯಾಂಪ್ ನಿಲ್ಲಿಸಲು ಆಗುತ್ತಿರಲಿಲ್ಲ, ಅದೂ ಖರೆ. ಹಳ್ಳಿಗಳಿಗೆ ಹೇಳಿ ಕಳಿಸಿಯಾಗಿತ್ತು. ಕೂಡ್ರಿಸಿದೆ. ಮಷೀನ್ ಓಡಿಸಿ ಫಿಲ್ಟರಿನ ಕೆಳಗೆ ಕಾಗದ ಹಿಡಿದು ನೋಡಿದೆ, ಒಂದು ಹನಿಯೂ ಇಲ್ಲ. ಆದರೂ ಬಿಚ್ಚಿದ ಹಳೆಯದನ್ನು ಒಗೆಯಲಿಲ್ಲ. ಬುಡಮೇಲು ಮಾಡಿ ಎಣ್ಣೆ ಬಸಿದು, ಚೀಲದಲ್ಲಿ ಕಟ್ಟಿ ಗೂಡಿನ ಮೂಲೆಯಲ್ಲಿಟ್ಟೆ.

ಮುಂಡರಗಿಯ ಆಚೆ ಹೊಳೆಯ ಕಡೆಗಿರುವ ಒಂದು ಹಳ್ಳಿ. ಬೆಳಗಿನ ಕ್ಯಾಂಪ್ ಮುಗಿಯುತ್ತ ಬಂದಿತ್ತು. ಹನುಮಪ್ಪ ಎಂಬವನು ಹೆಂಡತಿಯನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಲಗಿಸಿಕೊಂಡು ಬಂದ. ಅವಳ ಹೆಸರು ಫಕೀರವ್ವ. ಆ ಊರಿನ ಖಾರ ಕುಟ್ಟುವ ಗಿರಣಿಯಲ್ಲಿ ಕೆಲಸ. ಸುಗ್ಗಿಯಲ್ಲಿ ಬೆಳಗಿನಿಂದ ಸಂಜೆವರೆಗೂ ಕೆಂಪು ಧೂಳಿನಲ್ಲಿ ಇರುವವಳು. ತುಟಿ ನೀಲಿಯಾಗಿತ್ತು. ಪ್ರತಿ ಉಸಿರಿಗೂ ಹೆಗಲು ಮೇಲೆದ್ದು ಕೆಳಗಿಳಿಯುತ್ತಿತ್ತು. ಬಾಯಾರು ಉಸಿರಿನ ಮಷೀನ್ ಹಚ್ಚಿದರು. ಅಂಬುಲೆನ್ಸಿಗೆ ಫೋನ್ ಮಾಡಿದರೆ ಅದು ಬೇರೆ ಊರಿಗೆ ಹೋಗಿದೆ, ಬರುವುದು ತಡ ಎಂದರು.

“ಗಾಡಿ ತಗೀರಿ ಶೇಖಪ್ಪಾರ,” ಎಂದರು ಬಾಯಾರು. “ನಾವ ಮುಂಡರಗಿಗಿ ಕರಕೊಂಡ ಹೋಗೂಣು.”

ಹೊರಟೆವು. ಹನುಮಪ್ಪ ನಮ್ಮ ಹಿಂದೆಯೇ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದ. ದಾರಿ ತಗ್ಗುದಿನ್ನೆ. ಊರು ಬಿಟ್ಟು ಸ್ವಲ್ಪ ದೂರ ಹೋಗಿರಬಹುದು, ನನ್ನ ಕಾಲ ಕೆಳಗೆ ಜನರೇಟರಿನ ಗುರುಗುರು ಒಮ್ಮೆಲೇ ನಿಂತಿತು. ಎಣ್ಣೆಯ ಒತ್ತಡ ಬಿದ್ದರೆ ಈಗಿನ ಮಷೀನು ತಾನೇ ಆರುತ್ತದೆ. ಬಾಯಾರು ತಕ್ಷಣ ಆಕ್ಸಿಜನ್ನಿನ ಸಣ್ಣ ಸಿಲಿಂಡರಿಗೆ ನಳಿಕೆ ಬದಲಿಸಿದರು. ಅದರ ಮುಳ್ಳು ನೋಡಿ ನನ್ನ ಮುಖ ನೋಡಿದರು.

“ರಾಜೇಸಾಬ್ರ, ಇದು ಮುಂಡರಗಿ ತನಕ ಬರೂದಿಲ್ಲ.”

ಗಾಡಿ ನಿಲ್ಲಿಸಿ ಗೂಡು ತೆರೆದೆ. ಎಣ್ಣೆ ಗೂಡಿನ ತುಂಬ ಹರಿದು ರಸ್ತೆಯ ಮೇಲೂ ಗೆರೆ ಎಳೆದಿತ್ತು. ತಗ್ಗಿನ ಹೊಡೆತಕ್ಕೆ ಫಿಲ್ಟರಿನ ಬಳೆ ಒಂದು ಕಡೆ ಹೊರಗೆ ಉಬ್ಬಿ ಬಂದಿತ್ತು. ಕೈ ಸುಡುತ್ತಿದ್ದರೂ ಚಿಂದಿ ಸುತ್ತಿ ಅದನ್ನು ಬಿಚ್ಚಿದೆ. ಮೂಲೆಯ ಚೀಲದಿಂದ ಹಳೆಯದನ್ನು ತೆಗೆದು, ಬಳೆಗೆ ಎಣ್ಣೆಯ ಬೆರಳು ಆಡಿಸಿ, ಕೈಯಿಂದಲೇ ಬಿಗಿಮಾಡಿದೆ. ಹೊಲಸು ತುಂಬಿದ್ದರೂ ಅದು ತನ್ನ ಜಾಗದಲ್ಲಿ ಸರಿಯಾಗಿ ಕೂತಿತು. ನಮ್ಮಲ್ಲಿದ್ದ ಡಬ್ಬಿಯ ಎಣ್ಣೆಯನ್ನೆಲ್ಲ ಹಾಕಿದೆ. ಕಡ್ಡಿಯ ತುದಿ ತೋಯಿತು, ಅಷ್ಟೇ. ಸಾಲದು.

ಅಷ್ಟರಲ್ಲಿ ಹನುಮಪ್ಪ ಟ್ರ್ಯಾಕ್ಟರ್ ನಿಲ್ಲಿಸಿ ಓಡಿ ಬಂದ. “ಏನಾತ್ರಿ? ಆಕಿ...”

“ಆಕಿ ಅದಾಳ. ಎಣ್ಣಿ ಬೇಕು. ನಿನ್ನ ಟ್ರ್ಯಾಕ್ಟರಿಗಿ ಹಾಕೂ ಎಣ್ಣಿ ಐತೇನು?”

ಟ್ರೇಲರಿನ ಪೆಟ್ಟಿಗೆಯಿಂದ ಅವನು ಎರಡು ಡಬ್ಬಿ ಎತ್ತಿಕೊಂಡು ಬಂದ. ಎರಡೂ ಬಿಳಿ ಪ್ಲಾಸ್ಟಿಕ್ಕಿನವು, ಚೀಟಿ ಇಲ್ಲ.

“ಒಂದು ಇಂಜಿನ್ನಿಂದು, ಒಂದು ಗೇರಿಂದು. ಯಾವುದು ಯಾವುದಂತ ನಂಗ ಗೊತ್ತಿಲ್ರಿ. ಟ್ರ್ಯಾಕ್ಟರ್ ನಮ್ಮ ಮಾವಂದು.”

“ಮಾವಗ ಫೋನ್ ಹಚ್ಚು.”

ಹಚ್ಚಿದ. ಅತ್ತ ಯಾರೂ ಎತ್ತಲಿಲ್ಲ.

ಎರಡರ ಬಣ್ಣವೂ ಒಂದೇ, ಬೆಲ್ಲದ ನೀರಿನಂಥದು. ಬಿಸಿಲಿಗೆ ಎರಡೂ ಕಾದು ಒಂದೇ ಹದಕ್ಕೆ ಬಂದಿದ್ದವು, ಬೆರಳಿಗೆ ಎಳೆ ತೆಗೆದರೂ ಗೊತ್ತಾಗಲಿಲ್ಲ. ಗೇರಿನ ಎಣ್ಣೆಗೆ ಒಂದು ಗಬ್ಬು ವಾಸನೆ ಇರುತ್ತದೆ, ಮೂಸಿದರೆ ತಿಳಿಯುತ್ತದೆ. ಮೂಸಿದೆ. ನನ್ನ ಮೂಗಿಗೆ ಡೀಸೆಲ್ಲಿನ ಹೊಗೆ ಬಿಟ್ಟರೆ ಬೇರೆ ಏನೂ ಬರಲಿಲ್ಲ. ಮೇಲಾಗಿ ಹನುಮಪ್ಪನ ಅಂಗಿ ಖಾರದಿಂದ ಘಾಟಾಗಿತ್ತು, ಅವನು ಬಾಗಿದಾಗ ನನಗೆ ಸೀನಿನ ಮೇಲೆ ಸೀನು. ಶೇಖಪ್ಪನಿಗೆ ಮೂಸಲು ಕೊಟ್ಟೆ, ಅವನಿಗೂ ಅದೇ ಗತಿ. ತಪ್ಪು ಡಬ್ಬಿ ಸುರಿದರೆ ಮಷೀನು ದಾರಿಯಲ್ಲೇ ಬಿಗಿಹಿಡಿಯಬಹುದು. ಆಮೇಲೆ ಮಾಡುವುದಕ್ಕೆ ಏನೂ ಇಲ್ಲ.

ಎರಡೂ ಡಬ್ಬಿ ಹಿಡಿದು ಗಾಡಿಯ ಕಿಟಕಿಗೆ ಹೋದೆ.

“ಬಾಯಾರ, ಮೂಸಿ ನೋಡ್ರಿ. ನನ್ನ ಮೂಗು ಸತ್ತೈತಿ.”

ಅವರು ಒಂದು ಕೈ ಫಕೀರವ್ವನ ನಾಡಿಯ ಮೇಲೆ ಇಟ್ಟುಕೊಂಡೇ ಬಾಗಿದರು. ಮೊದಲನೆಯದಕ್ಕೆ ಏನೂ ಹೇಳಲಿಲ್ಲ. ಎರಡನೆಯದಕ್ಕೆ ಮುಖ ಹಿಂದೆ ಎಳೆದುಕೊಂಡರು.

“ಥೂ, ಕೊಳತ ತತ್ತಿ!”

“ಖಾತ್ರಿ ಏನ್ರಿ?”

“ಖಾತ್ರಿ. ಜಲ್ದಿ ಮಾಡ್ರಿ.”

ಮೊದಲನೆಯ ಡಬ್ಬಿಯನ್ನು ಸುರಿದೆ. ಅವಸರಕ್ಕೆ ಒಂದಿಷ್ಟು ಹೊರಗೂ ಚೆಲ್ಲಿತು. ಗುಂಡಿ ಒತ್ತಿದೆ. ಮಷೀನು ಒಮ್ಮೆ ನರಳಿ ಹತ್ತಿಕೊಂಡಿತು. ಎಣ್ಣೆಯ ಒತ್ತಡ ಸಾಲದೆಂದು ಹೇಳುವ ದೀಪ ಆರಿತು. ಒಳಗಿನಿಂದ ಉಸಿರಿನ ಮಷೀನಿನ ಟಕ್ ಟಕ್ ಕೇಳಿ ಬಂತು. ಮುಂಡರಗಿಯವರೆಗೆ ನಾನು ಹಿಂದಿನ ಹಲಗೆಯ ಪಕ್ಕ ಮಂಡಿ ಊರಿ ನೆಲಕ್ಕೆ ಕಿವಿ ಹಚ್ಚಿಕೊಂಡೇ ಇದ್ದೆ. ಫಕೀರವ್ವನ ಕಣ್ಣು ನನ್ನ ಮೇಲಿತ್ತು. ಈ ಮನುಷ್ಯ ಯಾಕೆ ನಮಾಜಿಗೆ ಕೂತಂತೆ ಕೂತಿದ್ದಾನೆ ಎಂದುಕೊಂಡಿರಬೇಕು. ಒಂದು ರೀತಿ ಅದೂ ಸುಳ್ಳಲ್ಲ.

ಮುಂಡರಗಿಯ ಆಸ್ಪತ್ರೆಯವರು ಸ್ಟ್ರೆಚರ್ ಹಿಡಿದು ಬಾಗಿಲಲ್ಲೇ ನಿಂತಿದ್ದರು, ಬಾಯಾರು ಮೊದಲೇ ಫೋನ್ ಮಾಡಿದ್ದರು. ಅವಳನ್ನು ಒಳಗೆ ಒಯ್ದಮೇಲೆ ನಾನು ಮಷೀನ್ ಆರಿಸಿದೆ. ಹನುಮಪ್ಪ ಹೊರಗೆ ಕಟ್ಟೆಯ ಮೇಲೆ ಕೂತ. ಬಾಯಾರು ಬಂದು, “ಉಸಿರಾಟ ಸುಧಾರಿಸಾಕತ್ತೈತಿ, ಅಂಜಬ್ಯಾಡ,” ಎಂದಮೇಲೆ ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡ. ಕೈಗೆ ಖಾರ ಹತ್ತಿತ್ತು. ಕಣ್ಣು ಉರಿದು ಇನ್ನಷ್ಟು ನೀರು ಸುರಿಯಿತು. ಶೇಖಪ್ಪ ಟಾಕಿಯ ನೀರು ತಂದು ತೊಳೆಸಿದ.

ಗದಗಕ್ಕೆ ಬಂದ ಮೇಲೆ ಇಟಗಿ ಸಾಹೇಬರ ಮೈಕಿನ ದನಿ ಕೇಳಲು ಸಿದ್ಧನಾಗಿದ್ದೆ. ಅವರು ಕೇಳಿದ್ದು ಇಷ್ಟೇ: “ಆ ಫಿಲ್ಟರ್ ಎಲ್ಲೈತಿ?” ಕೊಟ್ಟೆ. ಉಬ್ಬಿದ ಬಳೆಯ ಮೇಲೆ ಹೆಬ್ಬೆರಳು ಆಡಿಸಿದರು, ಒಂದು ಸುತ್ತು, ಇನ್ನೊಂದು ಸುತ್ತು.

“ಹೆಣ್ಮಗಳು ಹೆಂಗದಾಳ?”

“ಅರಾಮ ಆಗಾಕತ್ತಾಳಂತ್ರಿ.”

“ಹಾಕು ಅಂದವ ನಾನ,” ಎಂದರು. ದನಿ ಎಷ್ಟು ಸಣ್ಣದಾಗಿತ್ತೆಂದರೆ ನಾನು ಬಲಗಿವಿ ಕೊಟ್ಟು ಕೇಳಬೇಕಾಯಿತು. ಮರುದಿನ ತಾವೇ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ ಅಸಲಿ ಫಿಲ್ಟರುಗಳನ್ನು ತಂದರು. ಆಮೇಲೆ ಅವರು ಇರುವವರೆಗೆ, ಬಳೆ ಹೊಂದುವುದಿಲ್ಲ ಎಂದು ನಾನು ಹೇಳಿದರೆ ಗಾಡಿ ಹೊರಡುತ್ತಿರಲಿಲ್ಲ. ನನ್ನ ನಂತರ ಬಂದವರಿಗೆ ಅಂಥ ಸಾಹೇಬರು ಸಿಗುತ್ತಾರೋ ಇಲ್ಲವೋ. ಸಿಗದಿದ್ದರೂ ಹೇಳುವುದನ್ನು ಬಿಡಬೇಡಿರಿ.

ಮರುವರ್ಷ ಅದೇ ಹಳ್ಳಿಗೆ ಹೋದೆವು. ಗಾಡಿ ನಿಂತಕೂಡಲೇ ಗೂಡು ತೆರೆದು ಗಾಳಿಯ ಫಿಲ್ಟರ್ ಬದಲಿಸಲು ಕೂತೆ. ಸುಗ್ಗಿಯ ದಿನಗಳಲ್ಲಿ ಆ ಕಡೆ ಹೋದರೆ ಮೊದಲು ಮಾಡಬೇಕಾದ ಕೆಲಸ ಅದು. ಗಾಳಿಯಲ್ಲೇ ಖಾರದ ಪುಡಿ ತೇಲುತ್ತಿರುತ್ತದೆ. ಹೊರಗೆ ಎಳೆದ ಕಾಗದದ ಮಡಿಕೆಗಳಲ್ಲಿ ಆ ಕಡೆಯ ಹಳ್ಳಿ ತಿರುಗಿದ ವಾರದ ಕೆಂಪು ಧೂಳು ಹೆಪ್ಪುಗಟ್ಟಿತ್ತು. ಹಿಂದೆ ಯಾರೋ ಬಂದು ನಿಂತರು. ಫಕೀರವ್ವ. ಸೊರಗಿದ್ದಳು, ಆದರೆ ನಡೆದುಕೊಂಡು ಬಂದಿದ್ದಳು. ಹೊಸ ಸೆರಗಿನ ಮೇಲೂ ಅದೇ ಕೆಂಪು.

“ಅವತ್ತು ನಂಗ ಉಸರ ಕೊಟ್ಟಿದ್ದು ಈ ಮಷೀನ್ ಏನ್ರಿ ಅಣ್ಣಾರ?”

“ಹೂಂನವಾ, ಇದ.”

ಅವಳು ಕೂತು ಗೂಡಿನೊಳಗೆ ಇಣುಕಿ ನೋಡಿದಳು. “ಮತ್ತ ಇದಕ್ಕ ಉಸರ?”

ನನ್ನ ಕೈಯಲ್ಲಿದ್ದ ಫಿಲ್ಟರ್ ತೋರಿಸಿದೆ. “ಇದರಾಗಿಂದ ಎಳಕೋತೈತಿ. ಇದು ಕಟ್ಟಿದ್ರ ಅದಕ್ಕೂ ಏದುಸಿರ ಬರ್ತೈತಿ. ಅದಕ್ಕ ತಗದು ಹೊಸಾದು ಹಾಕ್ತೀನಿ.”

ಮಡಿಕೆಯೊಂದನ್ನು ಅವಳು ಬೆರಳಿನಿಂದ ಬಿಡಿಸಿದಳು. ಕೆಂಪು ಪುಡಿ ಉದುರಿ ಅವಳ ಮಡಿಲಿಗೆ ಬಿತ್ತು.

“ಗಿರಣಿ ಬಿಟ್ಟೇನವಾ?” ಎಂದು ಕೇಳಿದೆ.

“ಬಿಟ್ಟು ಏನ ಮಾಡ್ಲಿ? ಬಾಯಾರು ಮೂಗಿಗಿ ಕಟ್ಟಾಕ ಕೊಟ್ಟಾರ. ಅದನ್ನ ಕಟಗೊಂಡ್ರ ಝಳಕ್ಕ ಉಸರ ಹಿಡೀತೈತಿ, ಬಿಚ್ಚಿದ್ರ ಖಾರ ಹಿಡೀತೈತಿ.” ಕೈ ಎದೆಯ ಮೇಲಿಟ್ಟುಕೊಂಡು, ನಗುತ್ತಲೇ ಕೇಳಿದಳು: “ಇದನ್ನೂ ಹಿಂಗ ತಗದು ಹೊಸಾದು ಹಾಕಾಕ ಬರ್ತಿದ್ರ ಎಷ್ಟ ಚಲೋ ಆಗತಿತ್ತು, ಹೌದಲ್ರಿ?”

ನಾನು ಹೊಸ ಫಿಲ್ಟರ್ ಕೂಡ್ರಿಸಿ ಮುಚ್ಚಳ ಬಿಗಿದು ಗುಂಡಿ ಒತ್ತಿದೆ. ಮಷೀನು ಸಲೀಸಾಗಿ ಹತ್ತಿಕೊಂಡಿತು. ಅದರ ಸದ್ದು ಕೇಳಿ ಅವಳಿಗೆ ಖುಷಿಯಾಯಿತು. ಮೊಣಕಾಲಿನ ಮೇಲೆ ಕೈ ಊರಿ ಎದ್ದು, ಒಂದು ಗಳಿಗೆ ನಿಂತು ಉಸಿರು ಕೂಡಿಸಿಕೊಂಡು, ಡಾಕ್ಟರ್ ಬಾಯಾರ ಬಾಗಿಲ ಮುಂದೆ ನಿಂತಿದ್ದ ಸಾಲಿನ ಕಡೆಗೆ ಹೋದಳು.